ಕಡ್ಡಿ ಇಲ್ಲದ ಪೆಟ್ಟಿಗೆ

ರೇಡಿಯೋ ಅಕ್ಕ ಕೆಟ್ಟ ಸೆಟ್ಟನ್ನು ಮೊದಲು ನೋಡುತ್ತಿರಲಿಲ್ಲ, ಮೂಸುತ್ತಿದ್ದಳು. ಯಾರೇ ತಂದು ಮೇಜಿನ ಮೇಲೆ ಇಡಲಿ, ಸ್ಕ್ರೂ ಬಿಚ್ಚುವ ಮೊದಲು ಬಗ್ಗಿ ಅದರ ಗಾಳಿಕಿಂಡಿಗೆ ಮೂಗು ಹಚ್ಚುವಳು. ಕೊಳೆತ ಮೀನಿನ ನಾತ ಬಂದರೆ ಕೆಪಾಸಿಟರ್ ಒಡೆದಿದೆ. ಕರಗಿದ ಅರಗಿನ ವಾಸನೆ ಬಂದರೆ ಸುರುಳಿ ಸುಟ್ಟಿದೆ. ಏನೂ ವಾಸನೆ ಇಲ್ಲದಿದ್ದರೆ, ಇದು ಕಳ್ಳ ರೋಗ, ಬಿಟ್ಟುಹೋಗಿ, ನಾಳೆ ಬನ್ನಿ ಎನ್ನುವಳು. ನಲವತ್ತು ವರ್ಷದಲ್ಲಿ ಆ ಮೂಗು ಆಕೆಗೆ ಮೋಸ ಮಾಡಿದ್ದಿಲ್ಲ. ಆ ತಿಂಗಳು ಸೇನೆಯ ಗಾಡಿಗಳಿಂದ ಸುಟ್ಟು ಬಂದ ಹನ್ನೊಂದನೆಯ ಜಾಮರ್ ಪೆಟ್ಟಿಗೆಗೂ ಹಾಗೇ ಮೂಗು ಹಚ್ಚಿದಳು. ಹಿಂದಿನ ಹತ್ತಕ್ಕೂ ಇದ್ದ ವಾಸನೆಯೇ: ಉಗುರು ಸುಟ್ಟಂಥದ್ದು. ಬಿಚ್ಚಿ ನೋಡಿದರೆ ಸತ್ತದ್ದೂ ಅದೇ ಭಾಗ, ಅಲೆಗೆ ಬಲ ತುಂಬಿ ಏರಿಯಲ್ಲಿಗೆ ನೂಕುವ ಕೊನೆಯ ಟ್ರಾನ್ಸಿಸ್ಟರ್. ಒಂದು ಸುಟ್ಟರೆ ಹಣೆಬರಹ ಅನ್ನಬಹುದು. ಹನ್ನೊಂದು ಸುಟ್ಟರೆ ಅದರ ಹಿಂದೆ ಯಾರದೋ ಕೈ ಇದ್ದೇ ಇರುತ್ತದೆ.

ಅಕ್ಕನಿಗೆ ಅರವತ್ತೊಂದು. ಓದಿದ್ದು ಏಳನೆಯ ತರಗತಿ. ದರ್ಜಿಯ ಅಂಗಡಿಗೂ ಸೈಕಲ್ ಅಂಗಡಿಗೂ ನಡುವೆ ಸೋದರಮಾವನದೊಂದು ರೇಡಿಯೋ ರಿಪೇರಿ ಗೂಡು ಇತ್ತು. ಒಂಬತ್ತು ವರ್ಷದವಳಿದ್ದಾಗ, ಒಳಗೆ ಹಾಡುವವಳು ಎಲ್ಲಿ ಕೂತಿದ್ದಾಳೆ ಎಂದು ನೋಡಲು ಒಂದು ಸೆಟ್ ಬಿಚ್ಚಿ ಕಪಾಳಕ್ಕೆ ಏಟು ತಿಂದಳು. ಮರುದಿನ ಮತ್ತೆ ಬಿಚ್ಚಿದಳು. ಆಗ ಮಾವ, ಬಿಚ್ಚುವುದು ಮಂಗನಿಗೂ ಬರುತ್ತದೆ, ಮುಚ್ಚಿ ಹಾಡಿಸು ನೋಡೋಣ ಎಂದ. ಹಾಡಿಸಲು ಹನ್ನೊಂದು ದಿನ ಬೇಕಾಯಿತು. ಅಲ್ಲಿಂದ ಆಚೆಗೆ ಆಕೆಗೆ ಯಾರೂ ಪಾಠ ಹೇಳಿದ್ದಿಲ್ಲ. ಕೆಟ್ಟ ಸೆಟ್ಟೇ ಗುರು, ಕೈಗೆ ಹೊಡೆದ ಶಾಕೇ ಗುರುವಿನ ಬೆತ್ತ. ತಾಯಿ ಬೇಗ ತೀರಿಕೊಂಡಿದ್ದರಿಂದ ಎಂಟು ವರ್ಷ ಚಿಕ್ಕವನಾದ ತಮ್ಮನನ್ನು ಸಾಕಿದ್ದೂ ಆಕೆಯೇ. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಸೆಟ್ ಅರ್ಧ ಬಿಚ್ಚಿಟ್ಟಿರುತ್ತಿತ್ತು. ಹಾಗೇ ಆ ಮಾತು ಹಿಂದೆ ಬಿತ್ತು.

ಯುದ್ಧ ಮೂರನೆಯ ವರ್ಷಕ್ಕೆ ಕಾಲಿಟ್ಟಿತ್ತು. ಮುಚ್ಚಿಹೋದ ಮುದ್ರಣಾಲಯದ ಹಜಾರದಲ್ಲಿ ಸೇನೆಯವರು ರಿಪೇರಿ ಮೇಜುಗಳನ್ನು ಹಾಕಿದಾಗ ಯಾರೂ ಕರೆಯದಿದ್ದರೂ ಅಕ್ಕ ತಾನೇ ಹೋದಳು. ಮೊದಲು ನಕ್ಕರು. ಅಲ್ಲಿದ್ದ ಅಧಿಕಾರಿಯ ಟೀ ಆರುವಷ್ಟರಲ್ಲಿ ಎರಡು ಸೆಟ್ ಮಾತಾಡಿಸಿ ಮುಂದಿಟ್ಟ ಮೇಲೆ ನಗು ನಿಂತಿತು. ಪಕ್ಕದ ಮೇಜಿಗೆ ನಿವೃತ್ತಿಯಾದ ಲೆಕ್ಕದ ಟೀಚರ್ ಬಂದು ಕೂತರು. ಅವರ ಕೈ ಗಡಿಯಾರದ ಮುಳ್ಳಿನಷ್ಟು ಸ್ಥಿರ, ನಾಲಿಗೆ ಕತ್ತರಿಯಷ್ಟು ಚೂಪು.

ಮೇಜಿಗೆ ಹೆಚ್ಚಾಗಿ ಬರುತ್ತಿದ್ದದ್ದು ಜಾಮರ್. ಎಲ್ಲರೂ ಅದನ್ನು ಪೆಟ್ಟಿಗೆ ಎಂದೇ ಕರೆಯುತ್ತಿದ್ದರು. ಅದರ ಕೆಲಸವನ್ನು ಅಕ್ಕ ಹೀಗೆ ಹೇಳುತ್ತಿದ್ದಳು. ಆಕಾಶದಲ್ಲಿ ಬರುವ ಡ್ರೋನಿಗೆ ದೂರದಲ್ಲಿ ಕೂತ ಯಜಮಾನ ರೇಡಿಯೋದಲ್ಲಿ, ಎಡಕ್ಕೆ ಹೋಗು, ಬಲಕ್ಕೆ ಹೋಗು, ಆ ಗಾಡಿಗೆ ಬೀಳು ಎನ್ನುತ್ತಿರುತ್ತಾನೆ. ಪೆಟ್ಟಿಗೆ ಅದೇ ಸುರದಲ್ಲಿ ಅವನಿಗಿಂತ ಜೋರಾಗಿ ಅರಚುತ್ತದೆ. ಸಂತೆಯ ಗದ್ದಲದಲ್ಲಿ ತಾಯಿಯ ಕೂಗು ಕೇಳದ ಮಗುವಿನಂತೆ ಡ್ರೋನು ದಿಕ್ಕೆಟ್ಟು ಎಲ್ಲೋ ಬೀಳುತ್ತದೆ. ಹಿಂದೆ ದಾರ ಎಳೆದುಕೊಂಡು ಬರುವ ಜಾತಿಯೊಂದಿದೆ. ಅದಕ್ಕೆ ಯಜಮಾನನ ಮಾತು ದಾರದೊಳಗೇ ಹೋಗುವುದರಿಂದ ಯಾವ ಪೆಟ್ಟಿಗೆಯೂ ನಾಟದು. ಕಣ್ಣು, ಕಾಲು, ಅದೃಷ್ಟ ಮೂರೇ ಗತಿ. ಉಳಿದವಕ್ಕೆ ಪೆಟ್ಟಿಗೆಯೇ ಛತ್ರಿ.

ಆ ಛತ್ರಿ ಬೇಕಾಗಿದ್ದದ್ದು ಒಂದು ರಸ್ತೆಗೆ. ಗಾಡಿಗಳ ಅಂಗಳದಿಂದ ಮುಂಚೂಣಿಯ ನೆಲಮಾಳಿಗೆ ಆಸ್ಪತ್ರೆಗೆ ಒಂಬತ್ತು ಕಿಲೋಮೀಟರ್. ಮೊದಲ ಐದಕ್ಕೆ ಕಂಬ ನೆಟ್ಟು ಮೀನಿನ ಬಲೆಯಂಥ ಬಲೆಯ ಚಪ್ಪರ ಹಾಕಿದ್ದರು. ಡ್ರೋನು ಬಂದರೆ ಅದರಲ್ಲೇ ಸಿಕ್ಕಿಬೀಳಲಿ ಎಂದು. ಕೊನೆಯ ನಾಲ್ಕು ಬಟ್ಟಬಯಲು. ಆ ರಸ್ತೆಯಲ್ಲಿ ದಿನಕ್ಕೆ ಎರಡು ಸಲ ಆಂಬುಲೆನ್ಸ್ ಓಡಿಸುತ್ತಿದ್ದವನು ಅಕ್ಕನ ತಮ್ಮ. ಮೂವತ್ತು ವರ್ಷ ಲಾರಿ ಹೊಡೆದವನು, ಅರ್ಧ ದಾರಿಯಿಂದ ಗಾಡಿ ಹಿಂದಕ್ಕೆ ತಿರುಗಿಸಿದವನಲ್ಲ. ಉಳಿದ ಡ್ರೈವರುಗಳಿಗೆಲ್ಲ ಅವನು ಮಾವ. ಮಾವ ಹೇಳಿದ್ದೇ ವೇದ.

ಮಂಗಳವಾರ ಬೆಳಿಗ್ಗೆ ಗಾಡಿಗಳ ಉಸ್ತುವಾರಿಯ ಕ್ಯಾಪ್ಟನ್ ಬಂದು ಅಕ್ಕನ ಮೇಜಿನ ಮುಂದೆ ನಿಂತ. ಆಕೆಗೆ ಮಗನಿದ್ದಿದ್ದರೆ ಆ ವಯಸ್ಸಿನವನು, ಕಣ್ಣಿನಡಿ ಕಪ್ಪು. ಗಾಡಿಗೊಂದರಂತಿದ್ದ ಇಪ್ಪತ್ತಾರು ಪೆಟ್ಟಿಗೆಯಲ್ಲಿ ಹನ್ನೊಂದು ಸುಟ್ಟಿವೆ, ಮೂರು ಗಾಡಿ ಹೋಗಿವೆ, ನುಜ್ಜುಗುಜ್ಜಾದ ಲಾರಿಯೊಂದನ್ನು ಎಳೆದು ತಂದಾಗ ಅದರ ಪೆಟ್ಟಿಗೆಯ ಹಸಿರು ದೀಪ ಇನ್ನೂ ಉರಿಯುತ್ತಿತ್ತು ಎಂದು ಮೆಲ್ಲಗೆ ಹೇಳಿದ.

"ನಿಮ್ಮ ಕೈ ಕೆಟ್ಟದ್ದು ಅಂತಿಲ್ಲ ಅಮ್ಮ. ಆದ್ರೆ ನೀವು ರಿಪೇರಿ ಮಾಡಿದ್ದು ನಾಲ್ಕು ದಿನ ಬಾಳ್ತಿಲ್ಲ. ಶುಕ್ರವಾರ ಎಲ್ಲಾನೂ ಕಾರ್ಖಾನೆಗೆ ಕಳಿಸ್ತೀನಿ."

"ಚೆನ್ನಾಗಿರೋವೂ?"

"ಯಾವುದು ಚೆನ್ನಾಗಿದೆ ಅಂತ ಯಾವ ಧೈರ್ಯದ ಮೇಲೆ ಹೇಳ್ಲಿ?"

"ವಾಪಸ್ ಬರೋದು?"

"ಮೂರು ವಾರ."

"ಅಲ್ಲೀತನಕ ಗಾಡಿಗಳು?"

ಕ್ಯಾಪ್ಟನ್ ಕಿಟಕಿಯ ಕಡೆ ನೋಡಿದ. ಗಾಯವಾದವರು ಮೂರು ವಾರ ಕಾಯುವುದಿಲ್ಲ, ಗಾಡಿ ನಿಲ್ಲಿಸುವ ಹಾಗಿಲ್ಲ ಎಂದ. ಅಂದರೆ ತಮ್ಮ ದಿನಕ್ಕೆ ಎರಡು ಸಲ ಛತ್ರಿ ಇಲ್ಲದೆ ಆ ಬಯಲು ದಾಟಬೇಕು. ಅಕ್ಕ ಕೈಯಲ್ಲಿದ್ದ ಸೋಲ್ಡರಿಂಗ್ ಐರನ್ನನ್ನು ಅದರ ಸ್ಟ್ಯಾಂಡಿನಲ್ಲಿಟ್ಟು, ಕೈ ಒರೆಸಿಕೊಂಡಳು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೆಲವೇ ಡೊಂಕೋ, ನನಗೇ ಕುಣಿಯೋಕೆ ಬರಲ್ವೋ, ಶುಕ್ರವಾರದೊಳಗೆ ಹೇಳ್ತೀನಿ. ಅಲ್ಲೀತನಕ ಒಂದು ಪೆಟ್ಟಿಗೇನೂ ಮುಟ್ಟಬೇಡಿ."

ಅವತ್ತು ಆಕೆ ತಾನು ರಿಪೇರಿ ಮಾಡಿದ ಪೆಟ್ಟಿಗೆಯೊಂದನ್ನು ಆರಿಸಿ, ಏರಿಯಲ್ ಹಾಕುವ ಮೂರು ಬಾಯಿಗೂ ಕಬ್ಬಿಣದ ರೆಕ್ಕೆಗಳಿರುವ ಒಂದೊಂದು ದಪ್ಪ ಗುಂಡನ್ನು ಕಟ್ಟಿದಳು. ಅವು ಪೆಟ್ಟಿಗೆಯ ಅರಚಾಟವನ್ನೆಲ್ಲ ನುಂಗಿ ಬಿಸಿಯಾಗುತ್ತವೆ, ಹೊರಗೆ ಸದ್ದು ಬಿಡುವುದಿಲ್ಲ. ಹಾಗೆ ಒಂದೇ ಸಮನೆ ನಾಲ್ಕು ಗಂಟೆ ಓಡಿಸಿದಳು. ಬಯಲು ದಾಟಲು ಬೇಕಾದದ್ದು ಐದು ನಿಮಿಷ; ಪೆಟ್ಟಿಗೆ ನಾಲ್ಕು ಗಂಟೆ ಕಮಕ್ ಕಿಮಕ್ ಎನ್ನಲಿಲ್ಲ. ಎರಡನೆಯದನ್ನೂ ಹಾಗೇ ಓಡಿಸಿದಳು. ರಿಪೇರಿ ಗಟ್ಟಿಯಾಗಿತ್ತು. ಹಾಗಾದರೆ ರೋಗ ಮೇಜಿನ ಮೇಲೆ ಇಲ್ಲ, ರಸ್ತೆಯ ಮೇಲಿದೆ.

ಸುಟ್ಟ ಹನ್ನೊಂದನ್ನೂ ಸಾಲಾಗಿ ಇಟ್ಟು ಭೂತಗನ್ನಡಿ ಹಿಡಿದಳು. ಪೆಟ್ಟಿಗೆಯ ನೆತ್ತಿಯಲ್ಲಿ ಏರಿಯಲ್ ಕಡ್ಡಿ ತಿರುಗಿಸಿ ಕೂರಿಸುವ ಮೂರು ಮೂರು ಹಿತ್ತಾಳೆ ಬಾಯಿಗಳು. ದಿನಾ ಕಡ್ಡಿ ತಿರುಪಿದರೆ ಅವುಗಳ ತಿರುಪುಗೆರೆ ಸವೆದು ಹೊಳೆಯಬೇಕು. ಇಲ್ಲಿ ಒಂಬತ್ತು ಪೆಟ್ಟಿಗೆಯ ತಿರುಪುಗೆರೆಗಳಲ್ಲಿ ರಸ್ತೆಯ ಧೂಳು ಗಾರೆಯಂತೆ ಕಚ್ಚಿಕೊಂಡಿತ್ತು. ಟೀಚರ್ ಸೂಜಿಯಿಂದ ಕೆರೆದು ನೋಡಿ, ಈ ಧೂಳಿಗೆ ನಾಲ್ಕು ದಿನದ ಹಾಜರಿ ಇದೆ ಎಂದರು. ರಸ್ತೆಯಲ್ಲಿದ್ದಷ್ಟೂ ದಿನ ಆ ಬಾಯಿಗಳಿಗೆ ಕಡ್ಡಿ ಬಿದ್ದೇ ಇರಲಿಲ್ಲ.

ಬುಧವಾರ ಬೆಳಗಾಗುತ್ತಲೇ ಅಕ್ಕ ಗಾಡಿಗಳ ಅಂಗಳಕ್ಕೆ ಹೋದಳು. ತಮ್ಮ ಟೈರಿಗೆ ಗಾಳಿ ತುಂಬುತ್ತಿದ್ದ. ಅವನ ಆಂಬುಲೆನ್ಸಿನ ಬಾಗಿಲು ತೆಗೆದು ಬಾಗಿಲ ಜೇಬಿಗೆ ಕೈ ಹಾಕಿದಳು. ಮೂರು ಕಡ್ಡಿಗಳೂ ಅಲ್ಲೇ ಇದ್ದವು, ಒರೆಸುವ ಬಟ್ಟೆ ಸುತ್ತಿಕೊಂಡು.

"ಇವು ಇಲ್ಲೇನ್ ಮಾಡ್ತಿವೆ?"

"ಬಲೆಗೆ ಸಿಕ್ಕಿ ಮುರೀತವಕ್ಕ. ಬಿಚ್ಚಿಡ್ತೀವಿ."

"ಬಲೆ ಮುಗಿದ್ಮೇಲೆ ಹಾಕ್ತೀಯಾ?"

"ಟೈಮ್ ಇದ್ರೆ. ಅಲ್ಲಿ ಇಳಿದು ನಿಂತ್ಕೊಳ್ಳೋದು ಅಂದ್ರೆ ಹುಲಿ ಗುಹೆ ಬಾಗಿಲಲ್ಲಿ ಚಪ್ಪಲಿ ಹುಡುಕಿದ ಹಾಗೆ. ಸ್ವಿಚ್ ಹಾಕ್ತೀವಿ, ಹಸಿರು ದೀಪ ಬರುತ್ತೆ, ಹೊಡೀತೀವಿ. ಡ್ರೋನು ಮೈಮೇಲೇ ಬರುತ್ತಲ್ಲ, ಹತ್ತಿರಕ್ಕೆ ಕಡ್ಡಿ ಯಾಕೆ? ಕಡ್ಡಿ ದೂರಕ್ಕೆ."

"ಯಾವ ಪುಣ್ಯಾತ್ಮ ಹೇಳಿದ್ದು?"

"ನೀನೇ."

ಅಕ್ಕನಿಗೆ ನೆನಪಾಯಿತು. ಇಪ್ಪತ್ತು ವರ್ಷದ ಹಿಂದೆ ಇವನ ಲಾರಿಯ ರೇಡಿಯೋ ಕಡ್ಡಿಯನ್ನು ಯಾರೋ ಮುರಿದು ಒಯ್ದಿದ್ದರು. ಹೊಸದು ಹಾಕು ಎಂದು ಬಂದವನಿಗೆ, ಊರ ಹತ್ತಿರ ಓಡಿಸುವವನಿಗೆ ಕಡ್ಡಿ ಬೇಡ ಕಣೋ, ಕಡ್ಡಿ ದೂರಕ್ಕೆ ಎಂದು ಹೇಳಿ ಕಳಿಸಿದ್ದಳು. ಆ ಮಾತು ಸುಳ್ಳಲ್ಲ. ಆದರೆ ಅದು ಕೇಳುವ ಸೆಟ್ಟಿನ ಮಾತು. ಕೇಳುವ ಸೆಟ್ಟಿಗೆ ಕಡ್ಡಿ ಕಿವಿ. ಇಲ್ಲದಿದ್ದರೆ ಸ್ವಲ್ಪ ಮಂದವಾಗಿ ಕೇಳುತ್ತದೆ, ಅಷ್ಟೇ. ಅರಚುವ ಸೆಟ್ಟಿಗೆ ಕಡ್ಡಿ ಬಾಯಿ. ಬಾಯಿ ಹೊಲಿದು ಅರಚಿಸಿದರೆ ಆ ಬೆಂಕಿ ಹೊರಗೆ ಹೋಗದೆ ಹೊಟ್ಟೆಗೇ ಮರಳಿ ಕರುಳು ಸುಡುತ್ತದೆ. ಹಸಿರು ದೀಪ ಕರೆಂಟ್ ಬಂದಿದೆ ಎನ್ನುತ್ತದೆಯೇ ಹೊರತು ಕೂಗು ಹೊರಟಿದೆ ಎನ್ನುವುದಿಲ್ಲ. ಅಷ್ಟೂ ದಿನ ಇವರು ಮೂಕ ಪೆಟ್ಟಿಗೆ ಹೊತ್ತು, ಹಸಿರು ದೀಪ ನಂಬಿ ಬಯಲು ದಾಟಿದ್ದರು.

ಬಿಡಿಸಿ ಹೇಳಿದಾಗ ತಮ್ಮ ಗಾಳಿ ಪಂಪಿನ ಹಿಡಿಕೆ ಬಿಡದೆ ಕೇಳಿದ.

"ಗಾಡಿ ಸಮೇತ ಹೋದ ಆ ಮೂವರಿಗೂ ನಾನೇ ಹೇಳಿದ್ದೆ ಅಕ್ಕ. ನಮ್ಮಕ್ಕನ ಮಾತು, ಕಣ್ಣು ಮುಚ್ಕೊಂಡು ನಂಬಿ ಅಂದಿದ್ದೆ."

"ಮಾತು ನಂದು. ನೀನು ಬರೀ ಸಾಗಿಸಿದವನು. ಲೆಕ್ಕ ಆಮೇಲೆ ಇಬ್ಬರೂ ಕೂತು ಮಾಡೋಣ. ಈಗ ಇನ್ನೂ ಇಪ್ಪತ್ತಮೂರು ಜನ ಓಡಿಸ್ತಿದಾರೆ, ಅವರನ್ನ ಕರಿ."

ಡ್ರೈವರುಗಳು ಬಂದರು, ಕೇಳಿದರು, ಒಪ್ಪಲಿಲ್ಲ. ಕಣ್ಣಿಗೆ ಕಾಣುವ ಹಸಿರು ದೀಪ ಬಿಟ್ಟು ಮುದುಕಿಯ ಮಾತು ನಂಬುವುದು ಹೇಗೆ? ಒಬ್ಬನಂತೂ, ತನ್ನ ಕೈಕೆಲಸದ ತಪ್ಪನ್ನು ನಮ್ಮ ತಲೆಗೆ ಕಟ್ಟುತ್ತಿದ್ದಾಳೆ ಎಂದು ಮುಖಕ್ಕೇ ಅಂದ. ಅಕ್ಕನಿಗೆ ಸಿಟ್ಟು ಬರಲಿಲ್ಲ. ತಾನಾದರೂ ಸೋದರಮಾವನ ಏಟು ತಿಂದ ಮೇಲೂ ಕಣ್ಣಾರೆ ಕಾಣುವತನಕ ನಂಬಿದವಳಲ್ಲ. ನೇರ ಕ್ಯಾಪ್ಟನ್ ಬಳಿ ಹೋಗಿ, ಇವರ ಕಣ್ಣೆದುರು ಒಂದು ಪೆಟ್ಟಿಗೆ ಅರಚಿಸಬೇಕು ಎಂದಳು.

ಕ್ಯಾಪ್ಟನ್ ಸಾಧ್ಯವಿಲ್ಲ ಎಂದ. ಅವನದೂ ತಪ್ಪಲ್ಲ. ಈ ಯುದ್ಧದಲ್ಲಿ ಗಾಳಿಗೆ ಕೂಗಿದವನು ಸಿಕ್ಕಿಬೀಳುತ್ತಾನೆ. ಆಚೆಯವರು ಹಗಲಿರುಳೂ ಕಿವಿ ಇಟ್ಟು ಕೂತಿರುತ್ತಾರೆ; ಕೂಗು ಎಲ್ಲಿಂದ ಬಂತೆಂದು ಗೆರೆ ಎಳೆದು ಅಲ್ಲಿಗೆ ಗುಂಡು ಕಳಿಸುತ್ತಾರೆ. ಅದಕ್ಕೇ ಅಂಗಳದಲ್ಲಿ ಪೆಟ್ಟಿಗೆ ಹಚ್ಚಬಾರದೆಂಬ ಕಟ್ಟಪ್ಪಣೆ. ಅದಕ್ಕೇ ಅದರ ಮೂಕತನ ಯಾರಿಗೂ ಗೊತ್ತಾಗಿರಲಿಲ್ಲ.

"ಅಂಗಳದಲ್ಲಿ ಬೇಡ. ಎರಡು ಕಿಲೋಮೀಟರ್ ಆಚೆ ಪಾಳು ಇಟ್ಟಿಗೆ ಗೂಡಿದೆ, ಅಲ್ಲಿ ಕಾಗೇನೂ ಕೂರಲ್ಲ. ಹತ್ತು ನಿಮಿಷ ಕೊಡಿ."

"ಅಮ್ಮ, ಏನಾದ್ರೂ ಆದ್ರೆ?"

"ನಿಮ್ಮ ಶುಕ್ರವಾರದಿಂದ ದಿನಾ ಏನಾದ್ರೂ ಆಗುತ್ತೆ ಸಾಹೇಬ್ರೇ."

ಮಧ್ಯಾಹ್ನ ಎರಡು ಗಾಡಿಯಲ್ಲಿ ಒಂಬತ್ತು ಡ್ರೈವರು, ಕ್ಯಾಪ್ಟನ್, ಟೀಚರ್, ಅಕ್ಕ ಗೂಡಿಗೆ ಹೋದರು. ಅಕ್ಕನ ಕೈಯಲ್ಲಿ ಬಳೆಯಗಲದ ಒಂದು ತಂತಿಯ ಸುತ್ತು, ಅದಕ್ಕೆ ಹಳೆಯ ರೇಡಿಯೋದಿಂದ ಕಿತ್ತ ಡಯೋಡು, ಅಕ್ಕಿಕಾಳಿನಷ್ಟು ಕೆಂಪು ದೀಪ. ಬ್ಯಾಟರಿ ಇಲ್ಲ. ಹತ್ತಿರದಲ್ಲಿ ಜೋರು ಅಲೆ ಹೊರಟರೆ ಆ ಅಲೆಯನ್ನೇ ಉಂಡು ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಪೆಟ್ಟಿಗೆಗೆ ಮೂರು ಕಡ್ಡಿ ತಿರುಗಿಸಿ ಸ್ವಿಚ್ ಹಾಕಿದಳು. ಹಸಿರು ಬಂತು, ಕೆಂಪೂ ಬಂತು. ಅರ್ಧ ನಿಮಿಷಕ್ಕೆ ಆರಿಸಿದಳು. ಕಡ್ಡಿ ಬಿಚ್ಚಿ ಡ್ರೈವರುಗಳ ಕೈಗೆ ಕೊಟ್ಟು ಮತ್ತೆ ಸ್ವಿಚ್ ಹಾಕಿದಳು. ಹಸಿರು ಬಂತು. ಕೆಂಪು ಸತ್ತೇ ಇತ್ತು. ತಂತಿಯ ಸುತ್ತನ್ನು ಪೆಟ್ಟಿಗೆಯ ಮೈಗೇ ಒತ್ತಿದರೂ ಇಲ್ಲ.

ಸಾಕು ಆರಿಸಿ ಎಂದು ಕ್ಯಾಪ್ಟನ್ ಕೈ ಎತ್ತಿದ. ಅಕ್ಕ ಆರಿಸಲಿಲ್ಲ. ಎರಡು ನಿಮಿಷ, ನಾಲ್ಕು, ಆರು. ಎಂಟನೆಯ ನಿಮಿಷಕ್ಕೆ ಗಾಳಿಕಿಂಡಿಯಿಂದ ಎಳೆಹೊಗೆ ಎದ್ದಿತು. ಒಬ್ಬೊಬ್ಬರನ್ನೇ ಕರೆದು ಮೂಗು ಹಚ್ಚಿಸಿದಳು. ಮುಖಕ್ಕೆ ಅಂದಿದ್ದವನನ್ನು ಎರಡು ಸಲ ಕರೆದಳು. ಉಗುರು ಸುಟ್ಟ ವಾಸನೆ. ಅವರೆಲ್ಲ ಅದನ್ನು ತಮ್ಮ ಗಾಡಿಯೊಳಗೆ ಮೂಸಿದ್ದವರೇ, ಎಂಜಿನ್ನಿನದು ಎಂದುಕೊಂಡಿದ್ದರು.

"ಚೆನ್ನಾಗಿದ್ದ ಪೆಟ್ಟಿಗೆ ಸುಟ್ಟುಬಿಟ್ರಲ್ಲ ಅಮ್ಮ."

"ಹನ್ನೊಂದು ಸುಮ್ಮನೆ ಸುಟ್ಟವು ಸಾಹೇಬ್ರೇ. ಇದೊಂದು ಕೆಲಸಕ್ಕೆ ಸುಡ್ತು."

ಅವರು ಅಂಗಳಕ್ಕೆ ಮರಳಿ ಕಾಲು ಗಂಟೆಯಾಗಿರಲಿಲ್ಲ, ಗೂಡಿನ ಕಡೆ ಎರಡು ಶೆಲ್ ಬಿದ್ದ ಸದ್ದು ಬಂತು. ಅರ್ಧ ನಿಮಿಷದ ಕೂಗಿಗೆ ಸಿಕ್ಕ ಉತ್ತರ. ಟೀಚರ್ ಕನ್ನಡಕ ಒರೆಸಿಕೊಳ್ಳುತ್ತ, ಕಡ್ಡಿ ಹಾಕಿದರೆ ಕೂಗು ಹೊರಡುತ್ತದೆ ಎಂದು ಶತ್ರುವೇ ರುಜು ಹಾಕಿ ಕಳಿಸಿದ ಎಂದರು. ಆಮೇಲೆ ಯಾರೂ ವಾದ ಮಾಡಲಿಲ್ಲ.

ನಂಬಿದ್ದಾಯಿತು, ಆದರೆ ನಂಬಿಕೆ ಒಂದರಿಂದ ಕೆಲಸ ಆಗದು ಎಂಬುದು ಅಕ್ಕನಿಗೆ ಗೊತ್ತಿತ್ತು. ಅವಸರ ನಂಬಿಕೆಯನ್ನು ತಿನ್ನುತ್ತದೆ. ಗುರುವಾರ ಇಡೀ ದಿನ ಆಕೆ, ಟೀಚರ್ ಕೂತು, ಪ್ರತಿ ಗಾಡಿಗೂ ಒಂದರಂತೆ ಕೆಂಪು ದೀಪದ ಸುತ್ತು ಮಾಡಿದರು. ಡಯೋಡು ಸಾಲದೆ ಬಂದಾಗ ಅಕ್ಕ ತನ್ನ ಅಂಗಡಿಗೆ ಹೋಗಿ, ಗಿರಾಕಿಗಳು ಬಿಟ್ಟುಹೋದ ಸೆಟ್ಟುಗಳನ್ನೂ ಕೊನೆಗೆ ಸೋದರಮಾವನ ಸೆಟ್ಟನ್ನೂ ಬಿಚ್ಚಿದಳು. ಬಲೆಯ ಕೊನೆಯ ಕಂಬದ ಬಳಿ, ಚಪ್ಪರದ ಒಳಗೇ ಗಾಡಿ ನಿಲ್ಲಲು ಮರಳು ಮೂಟೆಯ ಗೋಡೆ ಕಟ್ಟಿಸಿರೆಂದು ಕ್ಯಾಪ್ಟನ್ನನ ಬೆನ್ನು ಹತ್ತಿ ಕಟ್ಟಿಸಿದಳು. ನಿಯಮ ಒಂದೇ: ಅಲ್ಲಿ ಇಳಿ, ಕಡ್ಡಿ ತಿರುಗಿಸು, ಸ್ವಿಚ್ ಹಾಕು, ಕೆಂಪು ಬಂದರೆ ಹೋಗು, ಬರದಿದ್ದರೆ ತಿರುಗಿ ಬಾ.

ತಿರುಗಿ ಬಾ ಎಂಬುದನ್ನು ಕೇಳಿ ಡ್ರೈವರುಗಳು ತಮ್ಮನ ಮುಖ ನೋಡಿದರು. ಅವನು ನೆಲ ನೋಡುತ್ತಿದ್ದ.

ಶುಕ್ರವಾರ ಬಂತು. ಕಾರ್ಖಾನೆಗೆ ಹೋಗಬೇಕಾದ ಲಾರಿ ಅಂಗಳದಲ್ಲಿ ಹಿಂಬಾಗಿಲು ತೆರೆದು ನಿಂತಿತ್ತು. ಇವತ್ತಿನ ಮೊದಲ ಟ್ರಿಪ್ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಲಾರಿ ನಿಂತಿರಲಿ ಎಂದ ಕ್ಯಾಪ್ಟನ್. ಮೊದಲ ಟ್ರಿಪ್ ತಮ್ಮನದು. ನೆಲಮಾಳಿಗೆಯಲ್ಲಿ ಐವರು ಗಾಯಾಳುಗಳು ಕಾಯುತ್ತಿದ್ದರು. ಎಂಟು ಗಂಟೆಗೆ ಗಾಡಿ ಹೊರಟಿತು. ಎಂಟೂವರೆಗೆ, ಯಾರೂ ಎಣಿಸದ ಹೊತ್ತಿಗೆ, ಅದೇ ಗಾಡಿ ಖಾಲಿ ಅಂಗಳಕ್ಕೆ ವಾಪಸ್ ಬಂತು.

ತಮ್ಮ ಇಳಿದವನು ಯಾರ ಕಣ್ಣನ್ನೂ ನೋಡಲಿಲ್ಲ.

"ಕಡ್ಡಿ ಹಾಕ್ದೆ. ಮೂರೂ ಹಾಕ್ದೆ. ಹಸಿರು ಬಂತು, ಕೆಂಪು ಬರ್ಲಿಲ್ಲ."

"ಅದಕ್ಕೆ?"

"ಅದಕ್ಕೆ ಬಂದೆ."

ಆಂಬುಲೆನ್ಸಿನಂಥ ಕೆಲವು ಗಾಡಿಗಳಲ್ಲಿ ಪೆಟ್ಟಿಗೆ ಒಳಗೆ, ಕಡ್ಡಿ ಮಾಡಿನ ಮೇಲೆ, ನಡುವೆ ಕೇಬಲ್. ಅಕ್ಕ ಗಾಡಿಯ ಮಾಡಿಗೆ ಹತ್ತಿ ಪೆಟ್ಟಿಗೆಯಿಂದ ಕಡ್ಡಿಗೆ ಹೋಗುವ ಕೇಬಲ್ಲುಗಳನ್ನು ಬೆರಳಲ್ಲೇ ತಡವುತ್ತ ಹೋದಳು. ಮಾಡಿನ ತಗಡು ಉಜ್ಜಿ ಉಜ್ಜಿ, ಹೊರಗೆ ರಬ್ಬರು ಸರಿಯಿದ್ದರೂ ಒಳಗಿನ ಎಳೆಗಳು ಮೂರು ಕಡೆ ತುಂಡಾಗಿದ್ದವು. ಕಡ್ಡಿ ಇದ್ದೂ ಬಾಯಿ ಇಲ್ಲದಂತಾಗಿತ್ತು. ಹಸಿರು ದೀಪ ಅದನ್ನೂ ಹೇಳಿರಲಿಲ್ಲ. ಟೀಚರ್ ಕೆಳಗಿನಿಂದ ಒಂದೊಂದೇ ಸಾಮಾನು ಎತ್ತಿಕೊಟ್ಟರು. ಹದಿನೇಳು ನಿಮಿಷಕ್ಕೆ ಮೂರೂ ಕೇಬಲ್ ಹೊಸದಾದವು. ನೆಲಮಾಳಿಗೆಯಲ್ಲಿ ಕಾಯುವವರಿಗೆ ಆ ಹದಿನೇಳು ನಿಮಿಷ ಏನೆಂಬುದು ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತಮ್ಮ ಗಾಡಿ ಹತ್ತಿದ. ಗಾಡಿ ಬಲೆಯೊಳಗೆ ಮರೆಯಾದ ಮೇಲೆ ಅಕ್ಕ ಅಂಗಳದಲ್ಲೇ ಕೂತು ಉಳಿದ ಗಾಡಿಗಳ ಕೇಬಲ್ ತಡವತೊಡಗಿದಳು. ಇನ್ನೆರಡು ಗಾಡಿಯಲ್ಲಿ ಅದೇ ಸವೆತ ಸಿಕ್ಕಿತು.

ಹತ್ತೂಮುಕ್ಕಾಲಿಗೆ ಆಂಬುಲೆನ್ಸ್ ಬಂತು. ಐವರೂ ಒಳಗಿದ್ದರು, ಐವರೂ ಉಸಿರಾಡುತ್ತಿದ್ದರು. ಅವರನ್ನು ಇಳಿಸಿಕೊಳ್ಳುವತನಕ ತಮ್ಮ ಸ್ಟೇರಿಂಗ್ ಹಿಡಿದೇ ಕೂತಿದ್ದ. ಆಮೇಲೆ ಹೇಳಿದ: ಬಯಲಿನ ನಡುವೆ ಒಂದು ಡ್ರೋನು ನೇರ ಗಾಜಿಗೇ ಬಂತು, ಐವತ್ತು ಹೆಜ್ಜೆ ಇರುವಾಗ ಕುಡಿದವನ ಹಾಗೆ ತೂರಾಡಿ, ಹೊಲಕ್ಕೆ ಹೊರಳಿ ಸಿಡಿಯಿತು.

"ದೀಪ?"

"ಉರೀತಿತ್ತು."

ಕ್ಯಾಪ್ಟನ್ ಲಾರಿಯ ಹತ್ತಿರ ಹೋಗಿ ಅದರ ಹಿಂಬಾಗಿಲು ತಾನೇ ಎತ್ತಿ ಹಾಕಿ, ಖಾಲಿ ಹೋಗು ಎಂದ. ಲಾರಿಯವನು ಕಾರಣ ಕೇಳಿದ್ದಕ್ಕೆ, ಇಲ್ಲಿ ಲೋಡ್ ಇಲ್ಲ ಎಂದಷ್ಟೇ ಅಂದ. ಅಕ್ಕ ಅಷ್ಟು ಹೊತ್ತಿಗೆ ತಮ್ಮನ ಗಾಡಿಯ ಸುತ್ತ ನಡೆದು ಮಾಡಿನತ್ತ ಕತ್ತೆತ್ತಿ ನೋಡುತ್ತಿದ್ದಳು. ಹೊಸ ಕೇಬಲ್ ತಗಡಿಗೆ ತಾಗದಂತೆ ತಾನು ಅವಸರದಲ್ಲಿ ಹಾಕಿದ್ದ ಕ್ಲಿಪ್ಪು ಒಂದು ಕಡೆ ಸಡಿಲವಾಗಿತ್ತು.

"ಇನ್ನೊಂದು ಟ್ರಿಪ್ ಎಷ್ಟಕ್ಕೆ?"

"ನಾಲ್ಕಕ್ಕೆ. ಊಟ ಮಾಡು ಮೊದಲು. ನಾಲ್ಕರತನಕ ಬೇಕಾದಷ್ಟು ಟೈಮಿದೆ."

"ಏಣಿ ಹಿಡ್ಕೊಳೋ," ಎಂದಳು ಅಕ್ಕ. ತಮ್ಮ ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತ.